ಇಳಿಸುವ ಸಭೆಯೇ ಏರಿಸತಕ್ಕುದು

ಪ್ರಧಾನಮಂತ್ರಿಯು ಅಧಿಕಾರಕ್ಕೆ ಬರುವ ಬಗೆಯನ್ನು ಕುರಿತು ನಮ್ಮ ಸಂವಿಧಾನವು ಆಡಿರುವ ಮಾತು ಬಹು ಸ್ವಲ್ಪ. ರಾಷ್ಟ್ರಪತಿಯ ಚುನಾವಣೆಯಲ್ಲಿ ಒಬ್ಬೊಬ್ಬ ಶಾಸಕನ ಮತಕ್ಕೆ ಎಷ್ಟು ಮೌಲ್ಯವೆಂಬ ಲೆಕ್ಕವನ್ನು ಸಹ ಬಿಡದೆ ಬರೆದಿಟ್ಟು, ಆ ಪದವಿಯಲ್ಲಿರುವವರನ್ನು ತೆಗೆಯಬೇಕಾದರೆ ಹದಿನಾಲ್ಕು ದಿನಗಳ ಮುನ್ಸೂಚನೆಯೂ ಸದನದ ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಪಾಲಿನ ಬಹುಮತವೂ ಬೇಕೆಂದು 61ನೆಯ ಅನುಚ್ಛೇದದಲ್ಲಿ ವಿಧಿಸಿದ ಸಂವಿಧಾನಕರ್ತರು, ರಾಜ್ಯಭಾರದ ನಿಜವಾದ ಭಾರವನ್ನು ಹೊರತಕ್ಕ ಪ್ರಧಾನಮಂತ್ರಿಯ ವಿಷಯಕ್ಕೆ ಬಂದಾಗ, ಅವರನ್ನು ರಾಷ್ಟ್ರಪತಿಗಳು ನೇಮಿಸತಕ್ಕುದೆಂದೂ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕುದೆಂದೂ 75ನೆಯ ಅನುಚ್ಛೇದದಲ್ಲಿ ಹೇಳಿ ಮುಂದೆ ಸಾಗಿದರು. ಉಳಿದುದನ್ನು ಸಂಪ್ರದಾಯವು ನೋಡಿಕೊಳ್ಳುವುದೆಂದು ಅವರು ನಂಬಿದ್ದರು. ಒಂದು ಪಕ್ಷವು ಸೋತೊಡನೆ ಮತ್ತೊಂದು ಪಕ್ಷವು ಸಿದ್ಧವಾಗಿ ನಿಂತಿರುತ್ತಿದ್ದ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಕಣ್ಣಮುಂದೆ ಇರಿಸಿಕೊಂಡಿದ್ದವರಿಗೆ ಅದು ಸಹಜವಾದ ನಂಬಿಕೆಯೇ. ಆದರೆ ಒಬ್ಬರನ್ನು ಇಳಿಸುವುದಕ್ಕೆ ಸಾಕಾಗುವಷ್ಟು ಜನ ಒಂದುಗೂಡಿ, ಇನ್ನೊಬ್ಬರನ್ನು ಕೂರಿಸುವುದಕ್ಕೆ ಬೇಕಾದಷ್ಟು ಜನ ಒಂದುಗೂಡದ ಲೋಕಸಭೆಗಳು ನಮ್ಮಲ್ಲಿ ಮತ್ತೆ ಮತ್ತೆ ಬಂದಿವೆ, ಮುಂದೆಯೂ ಬಂದಾವು. ಅಂಥ ಸಭೆಯ ಕೈಗೆ ಇಳಿಸುವ ಅಧಿಕಾರವನ್ನಿತ್ತು, ಏರಿಸುವ ಹೊಣೆಯಿಂದ ಅದನ್ನು ಬಿಡುಗಡೆ ಮಾಡಿರುವುದು ನಮ್ಮ ರಾಜ್ಯವ್ಯವಸ್ಥೆಯಲ್ಲಿ ಇನ್ನೂ ತುಂಬದೆ ಉಳಿದಿರುವ ದೊಡ್ಡದೊಂದು ಕೊರತೆಯೆಂದೂ, ಅದನ್ನು ತುಂಬಿಕೊಳ್ಳುವುದು ನಮಗೆ ಅಸಾಧ್ಯವಲ್ಲವೆಂದೂ ನಾನು ದೃಢವಾಗಿ ನಂಬಿದ್ದೇನೆ.

1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿಯವರು ಮಂಡಿಸಿದ ವಿಶ್ವಾಸ ಗೊತ್ತುವಳಿಯ ಪರವಾಗಿ 269 ಮತಗಳೂ ವಿರುದ್ಧವಾಗಿ 270 ಮತಗಳೂ ಬಿದ್ದವು. ಅದಕ್ಕೆ ಎರಡು ತಿಂಗಳ ಹಿಂದೆಯೇ ಒಡಿಶಾದ ಮುಖ್ಯಮಂತ್ರಿಯಾಗಿಯೂ ಲೋಕಸಭೆಯ ಸದಸ್ಯತ್ವವನ್ನು ಇನ್ನೂ ತೊರೆಯದಿದ್ದ ಗಿರಿಧರ ಗಮಾಂಗ್ ಅವರು ಮತ ಹಾಕಿದ್ದು ಉಚಿತವೇ ಎಂಬ ಚರ್ಚೆ ಆ ದಿನವೇ ಹುಟ್ಟಿ ಬಹುಕಾಲ ನಡೆಯಿತು. ಜನರ ನೆನಪಿನಲ್ಲಿ ಇಂದಿಗೂ ನಿಂತಿರುವುದು ಆ ಒಂದು ಮತವೇ. ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಆ ಮತದ ಮುಂದಿನ ದಿನಗಳು. ಸರ್ಕಾರವನ್ನು ಕೆಡಹಿದ 270 ಜನರಲ್ಲಿ ಮುಂದಿನ ಪ್ರಧಾನಿ ಯಾರೆಂಬ ವಿಷಯದಲ್ಲಿ ಒಮ್ಮತವಿರಲಿಲ್ಲ. ತಮಗೆ 272 ಸದಸ್ಯರ ಬೆಂಬಲವಿದೆಯೆಂದು ಸೋನಿಯಾ ಗಾಂಧಿಯವರು ರಾಷ್ಟ್ರಪತಿ ಭವನದ ಮುಂದೆ ನಿಂತು ಹೇಳಿದರು. ಮುಲಾಯಂ ಸಿಂಗ್ ಯಾದವರು ಬೆಂಬಲವನ್ನು ನಿರಾಕರಿಸಿದರು. ಏಪ್ರಿಲ್ 26ರಂದು ಲೋಕಸಭೆಯು ವಿಸರ್ಜಿತವಾಯಿತು. ಮೇ ತಿಂಗಳ ಆದಿಯಲ್ಲಿ ಕಾರ್ಗಿಲ್ಲಿನ ಶಿಖರಗಳ ಮೇಲೆ ಅತಿಕ್ರಮಣಕಾರರು ಬಂದು ಕುಳಿತಿರುವ ವಾರ್ತೆ ಬಂದಾಗ, ದೇಶದಲ್ಲಿ ಇದ್ದುದು ಸಭೆಯಲ್ಲಿ ಸೋತ ಉಸ್ತುವಾರಿ ಸರ್ಕಾರ. ಆ ಸರ್ಕಾರವನ್ನು ಪ್ರಶ್ನಿಸಬೇಕಾಗಿದ್ದ ಲೋಕಸಭೆಯು ಇರಲೇ ಇಲ್ಲ. ಸೈನಿಕರು ತಮ್ಮ ಕರ್ತವ್ಯವನ್ನು ಪ್ರಾಣವಿತ್ತು ನೆರವೇರಿಸಿದರು. ಜುಲೈ 26ಕ್ಕೆ ಆ ಯುದ್ಧ ಮುಗಿಯಿತು. ಮತ್ತೊಮ್ಮೆ ಜನಾದೇಶವನ್ನು ಪಡೆದ ಮಂತ್ರಿಮಂಡಲವು ಪ್ರಮಾಣವಚನ ಸ್ವೀಕರಿಸಿದುದು ಅಕ್ಟೋಬರ್ 13ರಂದು. ಯುದ್ಧಕಾಲದಲ್ಲಿ ಪ್ರಜಾಪ್ರತಿನಿಧಿಗಳ ಸಭೆಯೇ ಇಲ್ಲದಿರುವುದನ್ನು ಯಾವ ಸಂವಿಧಾನಕರ್ತನೂ ಬಯಸಿರಲಾರನು.

ಇದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಪ್ರಸಂಗವು ಇನ್ನೂ ಶೋಚನೀಯವಾದುದು. 1979ರ ಜುಲೈ ತಿಂಗಳಲ್ಲಿ ಯಶವಂತರಾವ್ ಚವಾಣರು ತಂದ ಅವಿಶ್ವಾಸ ಗೊತ್ತುವಳಿಯು ಮತಕ್ಕೆ ಬರುವ ಮೊದಲೇ ಮೊರಾರ್ಜಿ ದೇಸಾಯಿಯವರು ರಾಜೀನಾಮೆಯನ್ನಿತ್ತರು. ಚರಣ್ ಸಿಂಗರು ಜುಲೈ 28ರಂದು ಪ್ರಮಾಣವಚನ ಸ್ವೀಕರಿಸಿದರು. ಅವರನ್ನು ಏರಿಸಿದ ಇಂದಿರಾ ಗಾಂಧಿಯವರ ಪಕ್ಷವೇ ಬೆಂಬಲವನ್ನು ಹಿಂದೆಗೆದುಕೊಂಡುದರಿಂದ, ಲೋಕಸಭೆಯನ್ನು ಒಂದು ದಿನವೂ ಎದುರಿಸದೆ, ಆಗಸ್ಟ್ 20ರಂದು ರಾಜೀನಾಮೆಯನ್ನೂ ಕೊಟ್ಟು ಸಭೆಯನ್ನು ವಿಸರ್ಜಿಸಬೇಕೆಂಬ ಸಲಹೆಯನ್ನೂ ಕೊಟ್ಟರು. ಜನತಾ ಪಕ್ಷದ ನಾಯಕತ್ವವನ್ನು ವಹಿಸಿದ್ದ ಜಗಜೀವನ ರಾಮರು ತಮಗೊಂದು ಅವಕಾಶ ಬೇಕೆಂದು ಕೇಳಿದ್ದರು. ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿಯವರು ಆ ಕೋರಿಕೆಯನ್ನು ಬದಿಗಿರಿಸಿ ಸಭೆಯನ್ನು ವಿಸರ್ಜಿಸಿದರು. ಜಗಜೀವನ ರಾಮರಿಗೆ ಬಹುಮತವಿದ್ದಿತೇ ಇಲ್ಲವೇ ಎಂಬುದನ್ನು ಈಗ ಯಾರೂ ಹೇಳಲಾರರು. ಹೇಳಬಲ್ಲ ಒಂದೇ ಒಂದು ಸಂಸ್ಥೆಯನ್ನು ಆ ಪ್ರಶ್ನೆಯೇ ಕೇಳಲಿಲ್ಲವಾದ ಕಾರಣ. ಅಸ್ಪೃಶ್ಯತೆಯ ಸಂಕಟವನ್ನು ಅನುಭವಿಸಿ ಬಂದ ಒಬ್ಬ ನಾಯಕನಿಗೆ ಪ್ರಧಾನಿಯ ಪೀಠವು ಸಿಕ್ಕಬೇಕೇ ಬೇಡವೇ ಎಂಬುದು ಸಭೆಯ ಬಯಲಿನಲ್ಲಿ ನಿರ್ಣಯವಾಗಬೇಕಾಗಿದ್ದಿತು. ಅದು ಒಬ್ಬ ವ್ಯಕ್ತಿಯ ವಿವೇಚನೆಯಲ್ಲಿ ಮುಗಿದುಹೋಯಿತು.

ಆ ವಿವೇಚನೆಯಾದರೂ ಒಂದೇ ತೆರನಾಗಿ ನಡೆದುಬಂದಿದೆಯೇ ಎಂದರೆ ಅದೂ ಇಲ್ಲ. 1989ರಲ್ಲಿ ಆರ್. ವೆಂಕಟರಾಮನ್ ಅವರು ಅತಿ ದೊಡ್ಡ ಪಕ್ಷದ ನಾಯಕರಾದ ರಾಜೀವ ಗಾಂಧಿಯವರನ್ನು ಮೊದಲು ಕರೆದು, ಅವರು ಒಲ್ಲೆನೆಂದ ಮೇಲೆ ವಿ.ಪಿ. ಸಿಂಗರನ್ನು ಕರೆದರು. 1996ರಲ್ಲಿ ಶಂಕರ ದಯಾಳ ಶರ್ಮರು ಅತಿ ದೊಡ್ಡ ಪಕ್ಷವೆಂಬ ಕಾರಣದಿಂದಲೇ ವಾಜಪೇಯಿಯವರಿಗೆ ಪ್ರಮಾಣವಚನ ಬೋಧಿಸಿದುದರಿಂದ ಹದಿಮೂರು ದಿನಗಳ ಸರ್ಕಾರವೊಂದು ಬಂದು ಹೋಯಿತು. 1998ರಲ್ಲಿ ಕೆ.ಆರ್. ನಾರಾಯಣನ್ ಅವರು ಬೆಂಬಲಿಗರ ಪತ್ರಗಳನ್ನು ತರಿಸಿ ನೋಡಿಕೊಂಡಲ್ಲದೆ ಯಾರನ್ನೂ ಆಹ್ವಾನಿಸಲಿಲ್ಲ. ಈ ಮೂವರೂ ಸಂವಿಧಾನನಿಷ್ಠರು. ಅವರಲ್ಲಿ ಯಾರ ಸದುದ್ದೇಶವನ್ನೂ ನಾನು ಶಂಕಿಸುವವನಲ್ಲ. ಒಂದೇ ಪೀಠದಲ್ಲಿ ಕುಳಿತ ಮೂವರು ಸಜ್ಜನರು ಹತ್ತು ವರ್ಷಗಳೊಳಗೆ ಮೂರು ಬೇರೆ ಬೇರೆ ಮಾರ್ಗಗಳನ್ನು ಹಿಡಿಯಬೇಕಾಗಿ ಬಂದಿತೆಂದರೆ, ದೋಷವಿರುವುದು ಅವರಲ್ಲಲ್ಲ, ಮಾರ್ಗವನ್ನು ತೋರಿಸದ ವಿಧಿಯಲ್ಲಿ.

ಕನ್ನಡಿಗರಿಗೆ ಈ ವಿಷಯದಲ್ಲಿ ಪರರ ಅನುಭವವನ್ನು ಎರವಲು ತರಬೇಕಾದ ಅಗತ್ಯವಿಲ್ಲ. ಹಾಸನ ಜಿಲ್ಲೆಯ ಹರದನಹಳ್ಳಿಯಿಂದ ಹೊರಟು, ಹೊಳೆನರಸೀಪುರದ ಶಾಸಕರಾಗಿ, ಕರ್ನಾಟಕದ ಮುಖ್ಯಮಂತ್ರಿಯಾಗಿ, 1996ರ ಜೂನ್ 1ರಂದು ಸಂಯುಕ್ತ ರಂಗದ ನಾಯಕರಾಗಿ ದೇಶದ ಪ್ರಧಾನಮಂತ್ರಿಯಾದ ಎಚ್.ಡಿ. ದೇವೇಗೌಡರಿಗೆ ಹೊರಗಿನಿಂದ ಬೆಂಬಲವಿತ್ತಿದ್ದ ಕಾಂಗ್ರೆಸ್ಸು ಹತ್ತು ತಿಂಗಳು ತುಂಬುವಷ್ಟರಲ್ಲಿ, 1997ರ ಮಾರ್ಚ್ 30ರಂದು, ಅದನ್ನು ಹಿಂದೆಗೆದುಕೊಂಡಿತು. ಪಕ್ಷದ ಅಧ್ಯಕ್ಷರಾದ ಸೀತಾರಾಂ ಕೇಸರಿಯವರು ತಾವೇ ಸರ್ಕಾರವನ್ನು ರಚಿಸುವೆವೆಂದು ರಾಷ್ಟ್ರಪತಿಗಳಿಗೆ ಪತ್ರವನ್ನೇನೋ ಕೊಟ್ಟರು. ಆದರೆ ಆ ಹಕ್ಕನ್ನು ಲೋಕಸಭೆಯ ಮುಂದೆ ಎಂದೂ ಪರೀಕ್ಷೆಗೆ ಒಡ್ಡಲಿಲ್ಲ. ಏಪ್ರಿಲ್ 11ರಂದು ದೇವೇಗೌಡರ ಪರವಾಗಿ 158 ಮತಗಳೂ ವಿರುದ್ಧವಾಗಿ 292 ಮತಗಳೂ ಬಿದ್ದವು. ಆ 292ರಲ್ಲಿ ಕಾಂಗ್ರೆಸ್ಸೂ ಭಾರತೀಯ ಜನತಾ ಪಕ್ಷವೂ ಕೂಡಿದ್ದವು; ಆ ಎರಡು ಪಕ್ಷಗಳು ಸೇರಿ ಒಂದು ದಿನದ ಮಟ್ಟಿಗಾದರೂ ಸರ್ಕಾರವನ್ನು ನಡೆಸಬಲ್ಲವೆಂದು ಸಭೆಯೊಳಗಾಗಲಿ ಹೊರಗಾಗಲಿ ಯಾರೊಬ್ಬರೂ ಎಣಿಸಿರಲಿಲ್ಲ. ಆ ಬಳಿಕ ಮುಂದಿನ ಪ್ರಧಾನಿಯ ಹೆಸರು ನಿಶ್ಚಯವಾದುದು ನಾಯಕರ ಮನೆಗಳಲ್ಲಿ, ಮುಚ್ಚಿದ ಕೋಣೆಗಳಲ್ಲಿ. ಏಪ್ರಿಲ್ 21ರಂದು ಅದೇ ಸಂಯುಕ್ತ ರಂಗದ ಇಂದರ್ ಕುಮಾರ್ ಗುಜ್ರಾಲರು ಅದೇ ಕಾಂಗ್ರೆಸ್ಸಿನ ಅದೇ ಹೊರಬೆಂಬಲದಿಂದ ಪ್ರಮಾಣವಚನ ಸ್ವೀಕರಿಸಿದರು. ನವೆಂಬರ್ 28ರಂದು ಅವರಿಗೂ ಅದೇ ಗತಿಯಾಯಿತು. ಇಳಿಸಬೇಕೆನ್ನುವವರು ಅಂದು ಸಭೆಯಲ್ಲಿ ಎದ್ದು, ದೇವೇಗೌಡರ ಬದಲಿಗೆ ಇಂಥವರು ಬೇಕು ಎಂದು ಒಂದು ಹೆಸರನ್ನು ಉಚ್ಚರಿಸಲೇಬೇಕಾಗಿದ್ದಿದ್ದರೆ, ಆ 292 ಜನ ಒಟ್ಟಾಗಿ ಉಚ್ಚರಿಸಬಹುದಾಗಿದ್ದ ಹೆಸರು ಯಾವುದು? ಅಂಥದೊಂದು ಹೆಸರು ಇರಲಿಲ್ಲವೆಂಬುದೇ, ಆ ಸರ್ಕಾರವು ಇನ್ನೂ ಕೆಲಕಾಲ ನಡೆಯಬೇಕಾಗಿದ್ದಿತೆಂಬುದಕ್ಕೆ ಸಾಕಾದ ಪ್ರಮಾಣವೆಂದು ನಾನು ತಿಳಿಯುತ್ತೇನೆ. ಇದನ್ನು ಗೌಡರು ನಮ್ಮವರೆಂಬ ಅಭಿಮಾನದಿಂದ ಹೇಳುತ್ತಿಲ್ಲ. ವಾಜಪೇಯಿಯವರ ವಿಷಯದಲ್ಲಿಯೂ ನನ್ನ ಮಾತು ಇದೇ.

ಇಂಥ ನಿಷೇಧಾತ್ಮಕ ಬಹುಮತದ ಪರಮಾವಧಿಯನ್ನು ಕಂಡ ದೇಶವೊಂದಿದೆ. ಮೊದಲನೆಯ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಹದಿನಾಲ್ಕು ವರ್ಷಗಳೊಳಗೆ ಸುಮಾರು ಇಪ್ಪತ್ತು ಮಂತ್ರಿಮಂಡಲಗಳು ಬಂದು ಹೋದವು. 1932ರ ಸೆಪ್ಟೆಂಬರ್ 12ರಂದು ಹೊಸದಾಗಿ ಚುನಾಯಿತವಾದ ರೈಖ್‌ಸ್ಟಾಗ್ ಸಭೆಯಲ್ಲಿ ಕಮ್ಯುನಿಸ್ಟ್ ಸದಸ್ಯ ಎರ್ನ್ಸ್ಟ್ ಟೋರ್ಗ್ಲರನು ಎದ್ದು, ಅಂದಿನ ಕಾರ್ಯಕಲಾಪವನ್ನು ಬದಲಿಸಿ ಚಾನ್ಸಲರ್ ಪಾಪೆನ್ನನ ಮೇಲಿನ ಅವಿಶ್ವಾಸವನ್ನು ಒಡನೆಯೇ ಮತಕ್ಕೆ ಹಾಕಬೇಕೆಂದು ಸೂಚಿಸಿದನು. ಒಬ್ಬನೇ ಒಬ್ಬ ಸದಸ್ಯನು ಆಕ್ಷೇಪಿಸಿದ್ದರೂ ಆ ಸೂಚನೆ ಬಿದ್ದುಹೋಗುತ್ತಿದ್ದಿತು, ಒಬ್ಬನೂ ಆಕ್ಷೇಪಿಸಲಿಲ್ಲ. ಅರ್ಧ ಗಂಟೆಯ ವಿರಾಮದಲ್ಲಿ ಪಾಪೆನ್ನನು ಅಧ್ಯಕ್ಷ ಹಿಂಡೆನ್‌ಬರ್ಗನ ಸಹಿಯಿದ್ದ ವಿಸರ್ಜನೆಯ ಆಜ್ಞಾಪತ್ರವನ್ನು ತರಿಸಿಕೊಂಡು, ಕೆಂಪು ಚೀಲದಲ್ಲಿ ಅದನ್ನು ಹಿಡಿದು ಸಭೆಗೆ ಮರಳಿ, ಮಾತನಾಡಲು ಕೈಯೆತ್ತಿದನು. ಸಭಾಧ್ಯಕ್ಷನ ಆಸನದಲ್ಲಿದ್ದ ಹೆರ್ಮಾನ್ ಗೋರಿಂಗನು ಮುಖವನ್ನು ಬೇರೆ ಕಡೆಗೆ ತಿರುಗಿಸಿ ಮತದಾನವನ್ನು ನಡೆಸಿಯೇ ಬಿಟ್ಟನು. ಪಾಪೆನ್ನನು ಕಾಗದವನ್ನು ಮೇಜಿನ ಮೇಲಿಟ್ಟು ಹೊರಟುಹೋದನು. ಸರ್ಕಾರದ ವಿರುದ್ಧ 512 ಮತಗಳು, ಪರವಾಗಿ 42. ನಾಜಿಗಳೂ ಕಮ್ಯುನಿಸ್ಟರೂ ಒಂದೇ ಕಡೆಗೆ ಮತ ಹಾಕಿದ್ದರು. ಬೀದಿಯಲ್ಲಿ ಪರಸ್ಪರರ ರಕ್ತವನ್ನು ಹರಿಸುತ್ತಿದ್ದವರು ಆ ಒಂದು ಗಳಿಗೆಯ ಮಟ್ಟಿಗೆ ಸಹಮತರು. ಸಭೆಯಂತೂ ವಿಸರ್ಜಿತವಾಯಿತು. ಇಳಿಸುವುದರಲ್ಲಿ ಅಷ್ಟು ಸಮರ್ಥವಾಗಿದ್ದ ಸಭೆಗೆ ಆರಿಸುವುದು ಸಾಧ್ಯವಾಗದಿದ್ದುದರಿಂದ, ಚಾನ್ಸಲರನ್ನು ಆರಿಸುವ ಕೆಲಸವೆಲ್ಲ ವೃದ್ಧನಾದ ಅಧ್ಯಕ್ಷನೊಬ್ಬನ ಅಂತರಂಗ ಪರಿವಾರಕ್ಕೆ ಸೇರಿಹೋಗಿ, 1933ರ ಜನವರಿ 30ರಂದು ಆತನ ನೇಮಕದಿಂದ ಹಿಟ್ಲರನು ಚಾನ್ಸಲರನಾದನು. ನಮ್ಮ ಪಕ್ಷಗಳನ್ನು ಆ ಪಕ್ಷಗಳಿಗೆ ಹೋಲಿಸುವುದು ಅನ್ಯಾಯವಾದೀತು. ಗಮನಿಸತಕ್ಕುದು ಆ ಅಂಕಗಣಿತವನ್ನು ಮಾತ್ರ.

ಆ ದುರಂತವನ್ನು ಕಣ್ಣಾರೆ ಕಂಡಿದ್ದ ಜನರೇ 1948-49ರಲ್ಲಿ ಬಾನ್ ನಗರದಲ್ಲಿ ಕುಳಿತು ಹೊಸ ಮೂಲಕಾನೂನನ್ನು ರಚಿಸಿದರು. ಅದರ 63ನೆಯ ಅನುಚ್ಛೇದದಂತೆ ಚಾನ್ಸಲರರನ್ನು ಚುನಾಯಿಸತಕ್ಕುದು ಬುಂಡೆಸ್ಟಾಗ್ ಸಭೆ. 67ನೆಯ ಅನುಚ್ಛೇದದಂತೆ, ಆ ಸಭೆಯು ತನ್ನ ಅವಿಶ್ವಾಸವನ್ನು ಪ್ರಕಟಿಸಬಹುದಾದ ರೀತಿ ಒಂದೇ: ಒಟ್ಟು ಸದಸ್ಯರ ಬಹುಮತದಿಂದ ಉತ್ತರಾಧಿಕಾರಿಯನ್ನು ಚುನಾಯಿಸಿ, ಇದ್ದವರನ್ನು ಬಿಡುಗಡೆ ಮಾಡಬೇಕೆಂದು ಅಧ್ಯಕ್ಷರನ್ನು ಕೇಳುವುದು. ಸೂಚನೆಗೂ ಚುನಾವಣೆಗೂ ನಡುವೆ 48 ಗಂಟೆಗಳ ಅಂತರವಿರಬೇಕು. ಪಾಪೆನ್ನನ ಸಭೆಯ ಆ ಅರ್ಧ ಗಂಟೆಯನ್ನು ನೆನೆದರೆ ಈ ಎರಡು ದಿನಗಳ ಮೌಲ್ಯ ತಿಳಿದೀತು. 1982ರ ಅಕ್ಟೋಬರ್ 1ರಂದು, ಮಿತ್ರಪಕ್ಷವು ಕೈಬಿಟ್ಟ ಹೆಲ್ಮುಟ್ ಶ್ಮಿಟ್ ಅವರ ಸ್ಥಾನಕ್ಕೆ ಹೆಲ್ಮುಟ್ ಕೋಲ್ ಅವರನ್ನು ಸಭೆಯು 256 ಮತಗಳಿಂದ ಚುನಾಯಿಸಿತು. ಬೇಕಾಗಿದ್ದುದು 249. ಶ್ಮಿಟ್ ಅವರು ಕೋಲ್ ಅವರ ಕೈಕುಲುಕಿ ಅಭಿನಂದಿಸಿದರು. ಅದೇ ದಿನ ಹೊಸ ಚಾನ್ಸಲರರ ಪ್ರಮಾಣವಚನವೂ ಆಯಿತು. ದೇಶಕ್ಕೆ ಸರ್ಕಾರವಿಲ್ಲದ ಒಂದು ರಾತ್ರಿಯೂ ಕಳೆಯಲಿಲ್ಲ. ಸ್ಪೇನ್ ದೇಶವು ತನ್ನ 1978ರ ಸಂವಿಧಾನದಲ್ಲಿ ಇದೇ ಮಾರ್ಗವನ್ನು ಅಂಗೀಕರಿಸಿದುದರಿಂದ, 2018ರ ಜೂನ್ 1ರಂದು ಪ್ರಧಾನಿ ರಾಹೋಯ್ ಅವರನ್ನು ಇಳಿಸಿದ ಮತವೇ ಪೆದ್ರೊ ಸಾಂಚೆಸ್ ಅವರನ್ನು ಏರಿಸಿದ ಮತವೂ ಆಯಿತು.

ಇದಕ್ಕೆ ಒಡ್ಡಬಹುದಾದ ಆಕ್ಷೇಪವೊಂದು ಗಟ್ಟಿಯಾದುದು, ಅದನ್ನು ಮರೆಮಾಚಲಾಗದು. ಬದಲಿ ನಾಯಕನ ಹೆಸರಿಲ್ಲದ ಮಾತ್ರಕ್ಕೆ ಬಹುಮತವನ್ನು ಕಳೆದುಕೊಂಡ ಪ್ರಧಾನಿಯು ಪೀಠದಲ್ಲಿ ಉಳಿಯುವುದಾದರೆ, ಆಯವ್ಯಯಕ್ಕೆ ಒಪ್ಪಿಗೆ ಪಡೆಯಲಾರದ, ಮಸೂದೆಯೊಂದನ್ನೂ ದಾಟಿಸಲಾರದ ನಿರ್ವೀರ್ಯ ಸರ್ಕಾರವು ಉಳಿದುಕೊಳ್ಳುವುದಿಲ್ಲವೆ? ಉಳಿದುಕೊಂಡುದು ಉಂಟು. ಜರ್ಮನಿಯಲ್ಲಿ 1972ರ ಏಪ್ರಿಲ್ 27ರಂದು ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರ ಎದುರಾಳಿಯಾಗಿ ನಿಂತ ಬಾರ್ಜೆಲ್ ಅವರಿಗೆ 247 ಮತಗಳು ಬಂದು, ಎರಡರಿಂದ ಅವರು ಸೋತರು. ಮರುದಿನವೇ ಬ್ರಾಂಟ್ ಸರ್ಕಾರದ ಆಯವ್ಯಯದ ಮೇಲೆ ಮತಗಳು ಸಮಸಮನಾದವು. ಜರ್ಮನರು ಅದಕ್ಕೂ 68ನೆಯ ಅನುಚ್ಛೇದದಲ್ಲಿ ಪರಿಹಾರವನ್ನು ಇಟ್ಟಿದ್ದರು: ಚಾನ್ಸಲರರೇ ವಿಶ್ವಾಸವನ್ನು ಕೇಳಿ ಸೋತರೆ ಸಭೆಯನ್ನು ವಿಸರ್ಜಿಸುವಂತೆ ಅಧ್ಯಕ್ಷರಿಗೆ ಸಲಹೆ ಮಾಡಬಹುದು, ಆದರೆ ಅಷ್ಟರೊಳಗೆ ಸಭೆಯು ಬೇರೊಬ್ಬರನ್ನು ಚುನಾಯಿಸಿದರೆ ಆ ಅಧಿಕಾರವು ಲಯವಾಗುತ್ತದೆ. ಬ್ರಾಂಟ್ ಅವರು ಆ ಮಾರ್ಗದಿಂದಲೇ ನವೆಂಬರಿನಲ್ಲಿ ಚುನಾವಣೆಗೆ ಹೋಗಿ ಗೆದ್ದುಬಂದರು. ಓಲಾಫ್ ಶೋಲ್ಟ್ಸ್ ಅವರು 2024ರ ಡಿಸೆಂಬರ್ 16ರಂದು ಅದೇ ಮಾರ್ಗವನ್ನು ಹಿಡಿದು ಚುನಾವಣೆಗೆ ಹೋಗಿ, ಸೋತು, ಸ್ಥಾನವನ್ನು ಬಿಟ್ಟುಕೊಟ್ಟರು.

1972ರ ಆ ಮತದಾನಕ್ಕೆ ಮತ್ತೊಂದು ಕಲಂಕವೂ ಅಂಟಿದೆ. ಪೂರ್ವ ಜರ್ಮನಿಯ ಗುಪ್ತಚರ ಸಂಸ್ಥೆಯು ಹಣವನ್ನಿತ್ತು ಮತವನ್ನು ಕೊಂಡಿದ್ದಿತೆಂಬುದು ಮುಂದೆ ಬಯಲಾಯಿತು. ಮತದಾನವು ಗುಪ್ತವಾಗಿದ್ದುದು ಅದಕ್ಕೆ ಆಸರೆಯಾಯಿತು. ನಮ್ಮಲ್ಲಿ 1993ರ ಜುಲೈ 28ರಂದು ಪಿ.ವಿ. ನರಸಿಂಹ ರಾಯರ ಸರ್ಕಾರವು 251ಕ್ಕೆ 265 ಮತಗಳಿಂದ ಪಾರಾದ ಪ್ರಸಂಗದಲ್ಲಿ ಸದಸ್ಯರು ಲಂಚ ಪಡೆದರೆಂಬ ಮೊಕದ್ದಮೆ ನಡೆದು, ಸದನದಲ್ಲಿ ಹಾಕಿದ ಮತಕ್ಕಾಗಿ ಸದಸ್ಯನನ್ನು ಶಿಕ್ಷಿಸಲಾಗದೆಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದ ತೀರ್ಪನ್ನು ಏಳು ನ್ಯಾಯಾಧೀಶರ ಪೀಠವು ರದ್ದುಗೊಳಿಸಿದುದು 2024ರ ಮಾರ್ಚ್ 4ರಂದು. ಆದುದರಿಂದ ಉತ್ತರಾಧಿಕಾರಿಯ ಚುನಾವಣೆಯು ನಮ್ಮಲ್ಲಿ ಗುಪ್ತವಾಗಿರಕೂಡದು. ಹೆಸರು ಕರೆದು, ಬಹಿರಂಗವಾಗಿ, ಪ್ರತಿಯೊಬ್ಬ ಸದಸ್ಯನೂ ತನ್ನ ಕ್ಷೇತ್ರದ ಜನರಿಗೆ ಕೇಳಿಸುವಂತೆ ಮತ ಹೇಳಬೇಕು. ಪಕ್ಷಗಳ ವಿಪ್ ಆಜ್ಞೆಯನ್ನು 1985ರ ಪಕ್ಷಾಂತರ ನಿಷೇಧದ ಶಾಸನವು ಎಲ್ಲ ವಿಷಯಗಳಿಗೂ ಹಬ್ಬಿಸಿ ಸದಸ್ಯನ ಬಾಯಿಗೆ ಬೀಗವನ್ನು ಹಾಕಿದೆ. ಅದನ್ನು ವಿಶ್ವಾಸದ ಪ್ರಶ್ನೆಗೂ ಹಣಕಾಸಿನ ವಿಷಯಗಳಿಗೂ ಸೀಮಿತಗೊಳಿಸಿದರೆ, ಮಂತ್ರಿಮಂಡಲದ ಭದ್ರತೆಗೂ ಕುಂದಿಲ್ಲ, ಸದಸ್ಯನ ಸ್ವಾತಂತ್ರ್ಯಕ್ಕೂ ಕುಂದಿಲ್ಲ.

ಅಂಬೇಡ್ಕರರು 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ, ಕಾರ್ಯಾಂಗಕ್ಕೆ ಸ್ಥೈರ್ಯವೂ ಬೇಕು, ಉತ್ತರದಾಯಿತ್ವವೂ ಬೇಕು, ಎರಡನ್ನೂ ಸಮಪ್ರಮಾಣದಲ್ಲಿ ಕೊಡುವ ಪದ್ಧತಿ ಇನ್ನೂ ದೊರೆತಿಲ್ಲವೆಂದು ವಿವರಿಸಿ, ಅಮೆರಿಕದ ಸ್ಥೈರ್ಯಕ್ಕಿಂತ ಬ್ರಿಟನ್ನಿನ ಉತ್ತರದಾಯಿತ್ವವನ್ನು ಕರಡು ಆರಿಸಿಕೊಂಡಿರುವುದೆಂದು ನುಡಿದರು. ಆ ಆಯ್ಕೆಯನ್ನು ನಾನು ಪೂರ್ಣಮನಸ್ಸಿನಿಂದ ಸಮರ್ಥಿಸುತ್ತೇನೆ. ನಾನು ಕೇಳುತ್ತಿರುವ ತಿದ್ದುಪಡಿಯಿಂದ ಸರ್ಕಾರದ ಉತ್ತರದಾಯಿತ್ವವು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಪ್ರಶ್ನೋತ್ತರ, ನಿಲುವಳಿ ಸೂಚನೆ, ಅವಿಶ್ವಾಸದ ಚರ್ಚೆ ಎಲ್ಲವೂ ಇದ್ದೇ ಇರುತ್ತವೆ. ಇದುವರೆಗೆ ಸರ್ಕಾರಕ್ಕೆ ಮಾತ್ರವಿದ್ದ ಉತ್ತರದಾಯಿತ್ವವು ಅದನ್ನು ಕೆಡಹುವವರಿಗೂ ಸಲ್ಲುತ್ತದೆ. ಈ ದಾರಿಯಲ್ಲಿ ಅರ್ಧದಷ್ಟನ್ನು ನಾವು ಆಗಲೇ ನಡೆದಿದ್ದೇವೆ. 1989ರ ಏಪ್ರಿಲ್ ತಿಂಗಳಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು ವಿಧಾನಸಭೆಯ ಮುಂದೆ ಹೋಗಲು ಬಿಡದೆ ವಜಾ ಮಾಡಿದುದರ ಮೇಲೆ ನಡೆದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆಗೆ ರಾಜಭವನವು ಸ್ಥಳವಲ್ಲ, ಸದನವೇ ಸ್ಥಳವೆಂದು ಸಾರಿತು. ಒಬ್ಬರಿಗೆ ಬಹುಮತವಿಲ್ಲವೆಂಬುದನ್ನು ಸದನವೇ ಹೇಳಬೇಕಾದರೆ, ಯಾರಿಗೆ ಇದೆಯೆಂಬುದನ್ನೂ ಸದನವೇ ಹೇಳಬೇಡವೆ? ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪುನರ್ವಿಮರ್ಶಾ ಆಯೋಗವು 2002ರಲ್ಲಿ ಇದನ್ನೇ ಸೂಚಿಸಿದ್ದಿತು: ಅವಿಶ್ವಾಸ ಗೊತ್ತುವಳಿಗೆ ಒಟ್ಟು ಸದಸ್ಯರಲ್ಲಿ ಐದನೆಯ ಒಂದು ಪಾಲಿನವರ ಸಹಿಯಿರಲಿ, ಬದಲಿ ನಾಯಕನ ಹೆಸರೂ ಅದರೊಡನೆಯೇ ಮತಕ್ಕೆ ಬರಲಿ ಎಂದು.

ಅವಿಶ್ವಾಸ ಗೊತ್ತುವಳಿಯ ನಿಯಮವಾದ ಲೋಕಸಭೆಯ 198ನೆಯ ನಿಯಮವನ್ನಷ್ಟೇ ತಿದ್ದಿದರೆ ಸಾಲದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 1963ರಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಮೊದಲನೆಯ ಅವಿಶ್ವಾಸ ಗೊತ್ತುವಳಿಯನ್ನು ತಂದಂದಿನಿಂದ ಇಂದಿನವರೆಗೆ ಅಂಥ ಗೊತ್ತುವಳಿಗಳಲ್ಲಿ ಒಂದೂ ಗೆದ್ದಿಲ್ಲ. 1990ರಲ್ಲಿ ವಿ.ಪಿ. ಸಿಂಗರೂ, 1997ರಲ್ಲಿ ದೇವೇಗೌಡರೂ, 1999ರಲ್ಲಿ ವಾಜಪೇಯಿಯವರೂ ಬಿದ್ದುದು ತಾವೇ ಮಂಡಿಸಿದ ವಿಶ್ವಾಸ ಗೊತ್ತುವಳಿಯಲ್ಲಿ. ಆದುದರಿಂದ ಅಂಥ ಗೊತ್ತುವಳಿಯು ಬಿದ್ದಾಗಲೂ ಸಭೆಗೆ ಉತ್ತರಾಧಿಕಾರಿಯನ್ನು ಚುನಾಯಿಸಲು ಗೊತ್ತಾದ ಅವಧಿಯೊಂದನ್ನು, ಹತ್ತು ದಿನಗಳೆಂದು ಇಟ್ಟುಕೊಳ್ಳೋಣ, ಸಂವಿಧಾನದ 75ನೆಯ ಅನುಚ್ಛೇದದಲ್ಲಿಯೇ ವಿಧಿಸಿ, ಆ ಅವಧಿಯಲ್ಲಿ ಸಭೆಯು ಯಾರನ್ನೂ ಆರಿಸಲಾರದೆ ಹೋದರೆ ಮಾತ್ರ ವಿಸರ್ಜನೆಯ ಮಾತು ಬರುವಂತೆ ಮಾಡಬೇಕು. ಸಾರ್ವತ್ರಿಕ ಚುನಾವಣೆಯಾದ ಮೇಲೆ ಹೊಸ ಲೋಕಸಭೆಯು ಸ್ಪೀಕರರನ್ನು ಚುನಾಯಿಸಿದ ಮರುದಿನವೇ ಪ್ರಧಾನಿಯನ್ನೂ ಚುನಾಯಿಸುವುದಾದರೆ, ಯಾರನ್ನು ಕರೆಯುವುದೆಂಬ ಧರ್ಮಸಂಕಟವು ರಾಷ್ಟ್ರಪತಿಗಳಿಗೆ ಉಳಿಯುವುದಿಲ್ಲ.

ಇದಕ್ಕೆ ಈಗ ಸಂದರ್ಭವೂ ಒದಗಿದೆ. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ ನಡೆಸುವ ಉದ್ದೇಶದಿಂದ 2024ರ ಡಿಸೆಂಬರ್ 17ರಂದು ಮಂಡಿತವಾಗಿ ಸಂಯುಕ್ತ ಸಂಸದೀಯ ಸಮಿತಿಗೆ ಒಪ್ಪಿಸಲ್ಪಟ್ಟ 129ನೆಯ ತಿದ್ದುಪಡಿಯ ಮಸೂದೆಯು, ಅಕಾಲದಲ್ಲಿ ವಿಸರ್ಜಿತವಾದ ಲೋಕಸಭೆಯ ಸ್ಥಾನದಲ್ಲಿ ಬರುವ ಹೊಸ ಸಭೆಗೆ ಉಳಿದ ಅವಧಿಯನ್ನಷ್ಟೇ ಕೊಡುತ್ತದೆ. ಹೀಗೆ ಅವಧಿ ಮೊಟಕಾದ ಸಭೆಗಳನ್ನು ಚುನಾಯಿಸುವ ಕಷ್ಟವನ್ನು ಮತದಾರರ ಮೇಲೆ ಹೊರಿಸುವ ಆ ಮಸೂದೆಯು, ಅಕಾಲ ವಿಸರ್ಜನೆಯೇ ವಿರಳವಾಗುವಂತೆ ಮಾಡಬಲ್ಲ 75ನೆಯ ಅನುಚ್ಛೇದದ ಗೊಡವೆಗೇ ಹೋಗಿಲ್ಲ. ಒಂದು ಪಕ್ಷಕ್ಕೇ 272 ಸ್ಥಾನಗಳಿಲ್ಲದ ಲೋಕಸಭೆಯನ್ನು ಜನರು 2024ರಲ್ಲಿ ಮತ್ತೆ ಆರಿಸಿ ಕಳುಹಿಸಿದ್ದಾರೆ. ಒಟ್ಟಿಗೆ ಚುನಾವಣೆ ಬೇಕೆನ್ನುವವರೂ ಬೇಡವೆನ್ನುವವರೂ 75ನೆಯ ಅನುಚ್ಛೇದಕ್ಕೆ ಸೇರಬೇಕಾದ ಈ ಒಂದು ಉಪವಿಧಿಯ ಮಟ್ಟಿಗೆ ಒಪ್ಪಬಹುದಾಗಿದೆ; ಮಸೂದೆಯ ಉಳಿದ ಭಾಗವು ಬಿದ್ದುಹೋದರೂ ಇದನ್ನು ಪ್ರತ್ಯೇಕವಾದ ತಿದ್ದುಪಡಿಯಾಗಿ ತರುವುದಕ್ಕೆ ಯಾವ ಅಡ್ಡಿಯೂ ಇಲ್ಲ.